ಮಲೆನಾಡಿನ ಸಣ್ಣ ವ್ಯಾಪಾರಕ್ಕೆ ಎಐ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ವ್ಯಾಪಾರಿಗಳಿಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಳಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಂಗಸರೇ ಜಾಸ್ತಿ. ಮಿಡಿ ಉಪ್ಪಿನಕಾಯಿ ಹಾಕುವವರು, ಹಲಸಿನ ಹಪ್ಪಳ ಮಾಡುವವರು, ಬ್ಲೌಸ್ ಹೊಲಿಯುವವರು, ಅಡಿಕೆ ಹಾಳೆಯ ತಟ್ಟೆ ಒತ್ತುವವರು, ಮಹಡಿ ಮೇಲಿನ ಎರಡು ಕೋಣೆಯನ್ನು ಹೋಂಸ್ಟೇ ಮಾಡಿಕೊಂಡವರು. ಮೊದಲ ದಿನ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. "ಮೇಡಂ, ಇದಕ್ಕೆ ದುಡ್ಡು ಎಷ್ಟಾಗುತ್ತೆ?" ಆಮೇಲೆ, "ಇಂಗ್ಲಿಷ್ ಬರದಿದ್ರೆ ಆಗುತ್ತಾ?"

ಶುರುವಿಗೆ ದುಡ್ಡೂ ಬೇಡ, ಇಂಗ್ಲಿಷೂ ಬೇಡ. ನಿಮ್ಮ ವ್ಯಾಪಾರದ ಬಗ್ಗೆ ನಿಮಗೆ ಗೊತ್ತಿರುವ ವಿಷಯ ಇದೆಯಲ್ಲ, ಅದು ಬೇಕು. ಅದು ನಿಮ್ಮ ಹತ್ತಿರ ಬೇಕಾದಷ್ಟಿದೆ, ಆದರೆ ಎಲ್ಲೂ ಬರೆದಿಟ್ಟಿಲ್ಲ. ಕ್ಲಾಸಿನಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಎಐಗೆ ಮಾತು ಜೋಡಿಸುವ ಕೆಲಸ ಕೊಡಿ, ವಿಷಯ ಹೇಳುವ ಕೆಲಸ ಕೊಡಬೇಡಿ. ಕೆಳಗೆ ಹೇಳಿರುವುದೆಲ್ಲ ಇದನ್ನೇ ದಿನದ ಕೆಲಸದಲ್ಲಿ ಮಾಡುವುದು ಹೇಗೆ ಅಂತ.

ಮೊದಲು ಒಂದು ಕೆಲಸ ಆರಿಸಿ

ಒಂದು ವಾರ ಸುಮ್ನೆ ಗಮನಿಸಿ. ರಾತ್ರಿ ಮಲಗುವ ಮೊದಲು, ಕ್ಯಾಲೆಂಡರ್ ಹಾಳೆಯ ಹಿಂದೆ ಆದರೂ ಸರಿ, ಇವತ್ತು ಯಾವ ಕೆಲಸ ಸುಮ್ಮಸುಮ್ಮನೆ ಹೊತ್ತು ತಿಂದಿತು ಅಂತ ಬರೆದಿಡಿ. ಹೆಚ್ಚಿನವರ ಹಾಳೆಯಲ್ಲಿ ಬರುವುದು ಒಂದೇ: ವಾಟ್ಸಾಪ್‌ನಲ್ಲಿ ಅದೇ ಉತ್ತರವನ್ನು ಮತ್ತೆ ಮತ್ತೆ ಟೈಪ್ ಮಾಡುವುದು. "ರೇಟ್ ಎಷ್ಟು?", "ಬೆಂಗಳೂರಿಗೆ ಕಳಿಸ್ತೀರಾ?", "ಫ್ರಿಜ್‌ನಲ್ಲಿ ಇಡಬೇಕಾ?", "ಖಾರ ಜಾಸ್ತಿನಾ?" ಇಷ್ಟೇ ಪ್ರಶ್ನೆ, ಕೇಳುವವರು ಮಾತ್ರ ಬೇರೆ ಬೇರೆ. ಒಲೆ ಮೇಲೆ ಪಾತ್ರೆ ಇಟ್ಟುಕೊಂಡು, ಒದ್ದೆ ಕೈಯಲ್ಲಿ ಇದಕ್ಕೆಲ್ಲ ಉತ್ತರ ಕೊಡುವುದು ಎಂಥ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹೋಂಸ್ಟೇಯವರ ಹಾಳೆಯಲ್ಲಿ ಬರುವುದು ಇಂಗ್ಲಿಷ್, ಹಿಂದಿ ಮೆಸೇಜು. ಹೊಲಿಗೆಯವರದ್ದು "ಬ್ಲೌಸ್ ರೆಡಿ ಆಯ್ತಾ" ಅನ್ನುವ ಫೋನು.

ಅದರಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಅದು ಸರಿಯಾಗಿ ಕೂತ ಮೇಲೆ ಮುಂದಿನದು. ಎಲ್ಲರಿಗೂ ಮೊದಲ ದಿನವೇ ಲೋಗೋ ಮಾಡಿಸುವ ಆಸೆ, ನಾನು ಅದನ್ನು ಕೊನೆಗೆ ಇಡುತ್ತೇನೆ. ಲೋಗೋ ಚೆನ್ನಾಗಿದೆ ಅಂತ ಯಾರೂ ಎರಡನೇ ಸಲ ಹಪ್ಪಳ ತರಿಸಿಕೊಂಡಿಲ್ಲ.

ಫೋನ್ ಸಿದ್ಧ ಮಾಡಿಕೊಳ್ಳುವುದು

ಫೋನಿನಲ್ಲಿ ಬಳಸುವ ಎಐ ಆ್ಯಪ್‌ಗಳಲ್ಲಿ ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬರುವಾಗಲೇ ಕನ್ನಡವನ್ನೂ ಸೇರಿಸಿಕೊಂಡು ಬಂತು. ಎರಡೂ ಕನ್ನಡ ಓದುತ್ತವೆ, ಬರೆಯುತ್ತವೆ. ಎರಡಕ್ಕೂ ಉಚಿತ ಆವೃತ್ತಿ ಇದೆ. ಯಾವುದು ಒಳ್ಳೆಯದು ಅಂತ ಚರ್ಚೆ ಮಾಡುತ್ತಾ ಕೂರಬೇಡಿ, ಒಂದನ್ನು ಇಟ್ಟುಕೊಳ್ಳಿ. ಡೌನ್‌ಲೋಡ್ ಮಾಡುವಾಗ ಮಾತ್ರ ಎಚ್ಚರ. ಅದೇ ಹೆಸರು, ಅದೇ ಬಣ್ಣದ ನಕಲಿ ಆ್ಯಪ್‌ಗಳು ಇರುತ್ತವೆ. ಆ್ಯಪ್ ಹೆಸರಿನ ಕೆಳಗೆ ಕಂಪನಿ ಹೆಸರು ನೋಡಿ. ಚಾಟ್‌ಜಿಪಿಟಿಗೆ ಓಪನ್‌ಎಐ ಅಂತ ಇರಬೇಕು, ಜೆಮಿನಿಗೆ ಗೂಗಲ್ ಅಂತ. ತೆರೆದ ಕೂಡಲೇ ವಾರಕ್ಕೆ ಇಷ್ಟು ಕಟ್ಟಿ ಅಂತ ಕೇಳಿದರೆ ಅನುಮಾನ ಪಡಿ.

ಟೈಪ್ ಮಾಡಲು ಬೇಜಾರಾಗುವವರು ಮಾತಾಡಿ. ಗೂಗಲ್ ಕೀಬೋರ್ಡ್‌ನಲ್ಲಿ ಭಾಷೆಯನ್ನು ಕನ್ನಡ ಮಾಡಿ ಮೈಕ್ ಒತ್ತಿದರೆ ನೀವು ಹೇಳಿದ್ದು ಅಕ್ಷರವಾಗುತ್ತದೆ. ನಮ್ಮ ಕಡೆಯ ಮಾತಿನ ವೇಗಕ್ಕೆ ಅಲ್ಲಲ್ಲಿ ತಪ್ಪು ಬರುತ್ತದೆ, ಆದರೂ ಎಐಗೆ ಅರ್ಥವಾಗುತ್ತದೆ. ಕಾಗುಣಿತ ತಿದ್ದುತ್ತಾ ಕೂರುವ ಅಗತ್ಯ ಇಲ್ಲ. "ನೀವು" ಅನ್ನಬೇಕಾ, "ನೀನು" ಅನ್ನಬೇಕಾ ಅಂತಲೂ ಕೇಳುತ್ತಾರೆ. ಹೇಗೆ ಅಂದರೂ ನಡೆಯುತ್ತದೆ. ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಅದನ್ನು "ಕೇಳು ಮಾರಾಯ" ಅಂತಲೇ ಶುರು ಮಾಡುವುದು, ಅವರಿಗೆ ಬರುವ ಉತ್ತರಕ್ಕೆ ಏನೂ ಕಡಿಮೆಯಾಗಿಲ್ಲ.

ಇನ್ನೊಂದು ನಮ್ಮ ಕಡೆಯದ್ದೇ ತೊಂದರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಈ ಆ್ಯಪ್‌ಗಳು ನೆಟ್ ಇಲ್ಲದೆ ಏನೂ ಮಾಡುವುದಿಲ್ಲ. ಹಾಗಾಗಿ ಎಐ ಬರೆದುಕೊಟ್ಟದ್ದರಲ್ಲಿ ಚೆನ್ನಾಗಿರುವುದನ್ನು ಆಗಲೇ ಕಾಪಿ ಮಾಡಿ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಏನು ಕೇಳಬೇಕು ಅನ್ನುವುದನ್ನೂ ಅಲ್ಲೇ ಬರೆದಿಟ್ಟು, ಪೇಟೆಗೆ ಹೋದಾಗಲೋ ಸಿಗ್ನಲ್ ಸಿಗುವ ದಿಬ್ಬದ ಮೇಲೋ ಒಟ್ಟಿಗೇ ಕೇಳಿದರೆ ಆಯಿತು.

ಅಂಗಡಿ ಪುಟ ಬರೆಯುವುದು

ಇದು ಇಡೀ ಕೆಲಸದಲ್ಲಿ ಮುಖ್ಯವಾದದ್ದು, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಸುಮ್ನೆ "ಅಪ್ಪೆಮಿಡಿ ಉಪ್ಪಿನಕಾಯಿಗೆ ಒಂದು ಜಾಹೀರಾತು ಬರೆ" ಅಂತ ಕೇಳಿ ನೋಡಿ. ಚೆಂದವಾಗಿ ಬರೆಯುತ್ತದೆ. ಓದಿದರೆ ಎಳ್ಳೆಣ್ಣೆಯಲ್ಲಿ ನೆನೆಸಿದ ಮಾವಿನ ಹೋಳು ಅಂತ ಇರಬಹುದು. ಯಾಕೆಂದರೆ ಅದು ಓದಿಕೊಂಡಿರುವ ಉಪ್ಪಿನಕಾಯಿಗಳಲ್ಲಿ ಎಣ್ಣೆ ಉಪ್ಪಿನಕಾಯಿಯೇ ಜಾಸ್ತಿ. ನೀವು ಇಡೀ ಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಬಾಡಿಸಿ, ಸಾಸಿವೆ ಮೆಣಸು ಅರೆದು ಹಾಕಿದ್ದು, ಸೊನೆ ಪರಿಮಳ ಉಳಿಯಲಿ ಅಂತ ಜೋಪಾನ ಮಾಡಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಎಐಗೆ "ಗೊತ್ತಿಲ್ಲ" ಅನ್ನುವ ಅಭ್ಯಾಸ ಕಡಿಮೆ. ಊರಿಗೆ ಹೊಸಬರು ದಾರಿ ಕೇಳಿದಾಗ ಗೊತ್ತಿಲ್ಲದಿದ್ದರೂ ಯಾವುದೋ ಒಂದು ಕಡೆಗೆ ಕೈ ತೋರಿಸಿ "ಇಲ್ಲೇ, ಹತ್ತಿರ" ಅನ್ನುವವರು ಇರುತ್ತಾರಲ್ಲ, ಹಾಗೆ.

ಅದಕ್ಕೇ ಅಂಗಡಿ ಪುಟ. ನಿಮ್ಮ ವ್ಯಾಪಾರದ ಬಗ್ಗೆ ಒಂದು ಪುಟದಷ್ಟು ನಿಜ ಸಂಗತಿ. ಬರೆಯಲು ಕೂತರೆ ಏನು ಬರೆಯಬೇಕೋ ತೋಚುವುದಿಲ್ಲ, ಹಾಗಾಗಿ ಎಐ ಕೈಯಲ್ಲೇ ಪ್ರಶ್ನೆ ಕೇಳಿಸಿಕೊಳ್ಳಿ. ಹೀಗೆ ಹೇಳಿ:

"ನಾನು ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ನನ್ನ ವ್ಯಾಪಾರದ ಬಗ್ಗೆ ಒಂದು ಪುಟದ ಮಾಹಿತಿ ತಯಾರಿಸಬೇಕು. ಅದಕ್ಕೆ ಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಕೇಳು. ನಾನು ಉತ್ತರ ಕೊಟ್ಟ ಮೇಲೆ ಮುಂದಿನದು ಕೇಳು. ಕೊನೆಗೆ ನಾನು ಹೇಳಿದ್ದನ್ನು ಮಾತ್ರ ಸೇರಿಸಿ ಪುಟ ಬರೆ."

ಮೈಕ್ ಒತ್ತಿಕೊಂಡು ಉತ್ತರ ಹೇಳುತ್ತಾ ಹೋಗಿ. ಕೆಲಸ ಮುಗಿದಾಗ ಹೀಗೊಂದು ಪುಟ ಕೈಗೆ ಬರುತ್ತದೆ:

"ಊರು: ಹೊಸನಗರ ತಾಲ್ಲೂಕು. ಮಾಡುವುದು: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ಉಪ್ಪಿನಕಾಯಿಗೆ ಹಾಕುವುದು: ಮಿಡಿ, ಉಪ್ಪು, ಸಾಸಿವೆ, ಒಣಮೆಣಸು, ಅರಿಸಿನ. ಎಣ್ಣೆ ಇಲ್ಲ. ಅಳತೆ: ಅರ್ಧ ಕೆಜಿ, ಒಂದು ಕೆಜಿ. ರೇಟ್: ಇಷ್ಟಿಷ್ಟು. ಕೊರಿಯರ್ ಕಳಿಸುವ ದಿನ: ಸೋಮವಾರ, ಗುರುವಾರ. ಗಾಜಿನ ಬಾಟಲಿ ಕೊರಿಯರ್‌ಗೆ ಕೊಡುವುದಿಲ್ಲ. ಉದ್ರಿ ಇಲ್ಲ. ಮಿಡಿ ಖಾಲಿಯಾದರೆ ಮುಂದಿನ ವರ್ಷವೇ. ಒಣ ಚಮಚ ಬಳಸಬೇಕು."

"ಇಲ್ಲ", "ಮಾಡುವುದಿಲ್ಲ" ಅನ್ನುವ ಸಾಲುಗಳನ್ನು ಮರೆಯಬೇಡಿ. ಅವು ಇಲ್ಲದಿದ್ದರೆ ಎಐ ನಿಮ್ಮ ಹೆಸರಿನಲ್ಲಿ ಉಚಿತ ಡೆಲಿವರಿ, ಏಳು ದಿನದಲ್ಲಿ ಹಣ ವಾಪಸ್ ಅಂತೆಲ್ಲ ಗಿರಾಕಿಗೆ ಮಾತು ಕೊಟ್ಟುಬಿಡುತ್ತದೆ.

ಈ ಪುಟವನ್ನು ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಇನ್ನು ಮುಂದೆ ಏನೇ ಕೇಳುವುದಿದ್ದರೂ ಮೊದಲು ಇದನ್ನು ಅಂಟಿಸಿ, ಕೆಳಗೆ ಒಂದು ಸಾಲು ಸೇರಿಸಿ: "ಈ ಮಾಹಿತಿ ಬಿಟ್ಟು ಹೊಸದಾಗಿ ಏನನ್ನೂ ಸೇರಿಸಬೇಡ. ಯಾವುದಾದರೂ ವಿಷಯ ಬೇಕಿದ್ದು ಇಲ್ಲಿ ಇಲ್ಲದಿದ್ದರೆ ನನ್ನನ್ನೇ ಕೇಳು." ಅದರ ಕೆಳಗೆ ನಿಮ್ಮ ಕೆಲಸ. ಇಷ್ಟು ಮಾಡಿದರೆ ಸುಳ್ಳು ಪೂರ್ತಿ ನಿಲ್ಲುವುದಿಲ್ಲ, ಆದರೆ ತುಂಬಾ ಕಡಿಮೆಯಾಗುತ್ತದೆ. ಓದಿ ನೋಡದೆ ಕಳಿಸುವ ಹಾಗಂತೂ ಇಲ್ಲ.

ವಾಟ್ಸಾಪ್ ಉತ್ತರಗಳು

ಮಾಮೂಲಿ ವಾಟ್ಸಾಪ್ ಬದಲು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದೂ ಉಚಿತ. ಈಗಿರುವ ನಂಬರನ್ನೇ ಅದಕ್ಕೆ ಬದಲಾಯಿಸಬಹುದು, ಆದರೆ ಒಂದೇ ನಂಬರ್ ಎರಡೂ ಆ್ಯಪ್‌ನಲ್ಲಿ ನಡೆಯುವುದಿಲ್ಲ. ಬದಲಾಯಿಸುವ ಮೊದಲು ಚಾಟ್ ಬ್ಯಾಕಪ್ ಮಾಡಿಕೊಳ್ಳಿ. ಅದರಲ್ಲಿ ಬಿಸಿನೆಸ್ ಟೂಲ್ಸ್ ಅನ್ನುವ ಕಡೆ ಕ್ವಿಕ್ ರಿಪ್ಲೈ ಅಂತ ಇದೆ. ಅಲ್ಲಿ ಒಂದು ಉತ್ತರ ಉಳಿಸಿ ಅದಕ್ಕೊಂದು ಚಿಕ್ಕ ಹೆಸರು ಇಟ್ಟರೆ, ಆಮೇಲೆ ಚಾಟ್‌ನಲ್ಲಿ ಓರೆಗೆರೆ (/) ಹಾಕಿ ಆ ಹೆಸರು ಬರೆದರೆ ಸಾಕು, ಪೂರ್ತಿ ಉತ್ತರ ಬಂದು ಕೂರುತ್ತದೆ.

ಈಗ ಎಐ ಕೆಲಸ. ಗಿರಾಕಿಗಳು ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ಕಳೆದ ತಿಂಗಳ ಚಾಟ್‌ನಿಂದ ಹೆಕ್ಕಿ, ಹೆಸರು ನಂಬರ್ ಎಲ್ಲ ತೆಗೆದು, ಅಂಗಡಿ ಪುಟದ ಕೆಳಗೆ ಅಂಟಿಸಿ. "ಪ್ರತಿ ಪ್ರಶ್ನೆಗೂ ಮೂರು ಸಾಲು ಮೀರದ ಉತ್ತರ ಬರೆ" ಅನ್ನಿ. ಮೊದಲ ಸಲಕ್ಕೆ ಬರುವ ಕನ್ನಡ ಹೀಗಿರುತ್ತದೆ:

"ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಬಾಗಿಲಿಗೆ! ನಮ್ಮ ಅತ್ಯುತ್ತಮ ಗುಣಮಟ್ಟದ ಉಪ್ಪಿನಕಾಯಿಯ ಅದ್ಭುತ ರುಚಿಯನ್ನು ಅನುಭವಿಸಿ!"

ಇದನ್ನು ಕಳಿಸಿದರೆ ನಿಮ್ಮ ಹಳೇ ಗಿರಾಕಿ ಫೋನ್ ಮಾಡಿ "ಅಕ್ಕಾ, ನಿಮ್ಮ ಫೋನ್ ಹ್ಯಾಕ್ ಆಗಿದ್ಯಾ?" ಅಂತ ಕೇಳುತ್ತಾರೆ. ಸರಿಮಾಡುವುದು ಸುಲಭ. ನೀವೇ ಹಿಂದೆ ಕಳಿಸಿದ ನಾಲ್ಕೈದು ಮೆಸೇಜ್ ಅಂಟಿಸಿ, "ನಾನು ಮಾತಾಡುವ ರೀತಿ ಇದು. ಇದೇ ಧಾಟಿಯಲ್ಲಿ ಬರೆ. ಹೊಗಳಿಕೆ ಬೇಡ, ಆಶ್ಚರ್ಯ ಚಿಹ್ನೆ ಬೇಡ, ಎಮೋಜಿ ಬೇಡ" ಅನ್ನಿ. ಆಗ ಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ: "ಈ ವರ್ಷದ ಮಿಡಿ ರೆಡಿ ಇದೆ. ಎಣ್ಣೆ ಹಾಕಿಲ್ಲ. ಸೋಮವಾರ ಗುರುವಾರ ಕೊರಿಯರ್ ಕಳಿಸುತ್ತೇವೆ, ಎಷ್ಟು ಬೇಕು ಅಂತ ಹೇಳಿ." ಇದು ನಿಮ್ಮ ಮಾತು ಅಂತ ಗೊತ್ತಾಗುತ್ತೆ, ಅಲ್ವಾ?

ನೀವು ಹೊರಗೆ ಹೋದಾಗ ತಾನಾಗಿ ಹೋಗುವ "ಅವೇ ಮೆಸೇಜ್" (Away message) ಕೂಡ ಇದೇ ಜಾಗದಲ್ಲಿದೆ. ಆದರೆ ಅದು ಹೋಗಬೇಕಾದರೆ ನಿಮ್ಮ ಫೋನಿಗೆ ನೆಟ್ ಇರಬೇಕು. ತೋಟದಲ್ಲಿ ಸಿಗ್ನಲ್ ಇಲ್ಲದ ಕಡೆ ಇದ್ದಾಗ ಅದು ಗಿರಾಕಿಗೆ ಉತ್ತರ ಕೊಡುತ್ತದೆ ಅಂತ ನಂಬಿ ಕೂರಬೇಡಿ. ಅದರ ಬದಲು ಪ್ರೊಫೈಲ್‌ನಲ್ಲೇ "ಸಂಜೆ ಆರರ ನಂತರ ಉತ್ತರಿಸುತ್ತೇವೆ" ಅಂತ ಬರೆದಿಡುವುದು ವಾಸಿ.

ಹೊಲಿಗೆಯವರಿಗೆ ಬೇಕಾಗುವುದು ಇಷ್ಟೇ: "ಅಳತೆ ಬ್ಲೌಸ್ ತನ್ನಿ", "ರೆಡಿ ಇದೆ, ಬಂದು ತಗೊಳ್ಳಿ", "ಹಬ್ಬದ ಆರ್ಡರ್ ಈ ತಾರೀಕಿಗೆ ನಿಲ್ಲಿಸುತ್ತೇವೆ". ಮೂರು ಉತ್ತರ ಉಳಿಸಿಟ್ಟರೆ ಅರ್ಧ ಫೋನು ಕಡಿಮೆಯಾಗುತ್ತದೆ. ಅದಕ್ಕೆ ಎಐ ಬೇಕಾ ಅಂದರೆ, ನಿಜ ಹೇಳಬೇಕೆಂದರೆ ಬೇಡ.

ಹೋಂಸ್ಟೇ ನಡೆಸುವವರಿಗೆ

ಇಲ್ಲಿ ಎಐಯಿಂದ ನಿಜವಾಗಿ ದೊಡ್ಡ ಉಪಕಾರ ಇದೆ, ಅಪಾಯವೂ ಇದೆ. ಉಪಕಾರ ಅಂದರೆ ಭಾಷೆ. ಪುಣೆಯವರು ಇಂಗ್ಲಿಷ್‌ನಲ್ಲಿ ಉದ್ದ ಮೆಸೇಜ್ ಹಾಕುತ್ತಾರೆ, ಮಗ ಬೆಂಗಳೂರಿನಿಂದ ಫೋನ್ ಎತ್ತುವ ತನಕ ಉತ್ತರ ಕೊಡದೆ ಕಾಯುತ್ತೀರಿ, ಅಷ್ಟರಲ್ಲಿ ಅವರು ಬೇರೆ ಕಡೆ ಬುಕ್ ಮಾಡಿರುತ್ತಾರೆ. ಈಗ ಆ ಮೆಸೇಜನ್ನು ಅಂಟಿಸಿ "ಇವರು ಏನು ಕೇಳುತ್ತಿದ್ದಾರೆ, ಕನ್ನಡದಲ್ಲಿ ಹೇಳು" ಅನ್ನಿ. ನಿಮ್ಮ ಉತ್ತರವನ್ನು ಕನ್ನಡದಲ್ಲಿ ಹೇಳಿ, "ಇದನ್ನು ಸರಳ ಇಂಗ್ಲಿಷ್‌ಗೆ ಮಾಡು, ಏನೂ ಸೇರಿಸಬೇಡ" ಅನ್ನಿ. ಬಂದದ್ದನ್ನು ಮತ್ತೆ ಹೊಸ ಚಾಟ್‌ನಲ್ಲಿ ಕನ್ನಡಕ್ಕೆ ಮಾಡಿಸಿ ನೋಡಿ. ನೀವು ಹೇಳಿದ್ದೇ ವಾಪಸ್ ಬಂದರೆ ಕಳಿಸಿ. ನಮ್ಮ ಅಡುಗೆ ಹೆಸರುಗಳನ್ನು ಮಾತ್ರ ಭಾಷಾಂತರ ಮಾಡಬೇಡ ಅಂತ ಹೇಳಿಬಿಡಿ. ಕಡುಬು ಕಡುಬಾಗಿಯೇ ಇರಲಿ, ಪಕ್ಕದಲ್ಲಿ ಒಂದು ಸಾಲು ವಿವರಣೆ ಸಾಕು.

ಅಪಾಯ ಇರುವುದು ದಾರಿ, ದೂರ, ಸಮಯದಲ್ಲಿ. ಸಿಗಂದೂರಿಗೆ ಹೋಗುವುದು ಹೇಗೆ ಅಂತ ಅತಿಥಿ ಕೇಳಿದರು ಅಂದುಕೊಳ್ಳಿ. ಎಐ ಹಳೇ ಬರಹಗಳನ್ನು ನೆಚ್ಚಿಕೊಂಡು ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ಅಂತ ಸೊಗಸಾಗಿ ಬರೆದುಕೊಡಬಹುದು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ, ಈಗ ಕಾರು ಸೀದಾ ಹೋಗುತ್ತದೆ. ಹಾಗೇ ಶಿವಮೊಗ್ಗಕ್ಕೆ ವಿಮಾನವೇ ಇಲ್ಲ, ಮಂಗಳೂರಿಗೆ ಬನ್ನಿ ಅನ್ನಲೂಬಹುದು. ಶಿವಮೊಗ್ಗ ಪಕ್ಕದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲೇ ಉದ್ಘಾಟನೆಯಾಗಿ, ಅದೇ ಆಗಸ್ಟ್ ಕೊನೆಗೆ ಹಾರಾಟ ಶುರುವಾಯಿತು. ಯಾವ ದಿನ ಯಾವ ವಿಮಾನ ಅನ್ನುವುದನ್ನಂತೂ ಎಐಯನ್ನು ಕೇಳಲೇಬೇಡಿ, ವಿಮಾನ ಕಂಪನಿಯ ಆ್ಯಪ್‌ನಲ್ಲಿ ನೋಡಿ.

ಹಾಗಾಗಿ ಹೋಂಸ್ಟೇಯವರ ಅಂಗಡಿ ಪುಟದಲ್ಲಿ ಸುತ್ತಮುತ್ತಲಿನ ಜಾಗಗಳ ಮಾಹಿತಿ ನಿಮ್ಮ ಕೈಯಿಂದಲೇ ಬರಬೇಕು. ನಮ್ಮ ಮನೆಯಿಂದ ಎಷ್ಟು ಹೊತ್ತು, ರಸ್ತೆ ಹೇಗಿದೆ, ಎಲ್ಲಿಂದ ಮುಂದೆ ಸಿಗ್ನಲ್ ಇಲ್ಲ, ಪೆಟ್ರೋಲ್ ಎಲ್ಲಿ ಹಾಕಿಸಿಕೊಳ್ಳಬೇಕು. ಸಕ್ರೆಬೈಲಿನ ಆನೆ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಜೋಗ 253 ಮೀಟರ್ ಎತ್ತರ ಅಂತ ಎಐ ಸರಿಯಾಗಿಯೇ ಹೇಳುತ್ತದೆ, ಆದರೆ ಮಾರ್ಚ್‌ನಲ್ಲಿ ಬಂದವರಿಗೆ ಕಾಣುವುದು ಹೆಚ್ಚಾಗಿ ಬಂಡೆ, ಯಾಕೆಂದರೆ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಿರುತ್ತದೆ. ಇದನ್ನು ನೀವು ಬರೆದುಕೊಡದಿದ್ದರೆ ಅದು ಹನ್ನೆರಡು ತಿಂಗಳೂ "ಭೋರ್ಗರೆಯುವ ಜಲಪಾತ" ಅಂತಲೇ ಬರೆಯುವುದು.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಇರುತ್ತದೆ, ಕರೆಂಟ್ ಹೋಗುತ್ತದೆ ಅನ್ನುವುದನ್ನೂ ಸೇರಿಸಿ. ಅದನ್ನು ಓದಿ ಬರದೇ ಇರುವವರು ಬಂದಿದ್ದರೂ ಕೆಟ್ಟ ರಿವ್ಯೂ ಹಾಕಿ ಹೋಗುತ್ತಿದ್ದರು.

ರಿವ್ಯೂ ಅಂದ ಕೂಡಲೇ ನೆನಪಾಯಿತು. ಗೂಗಲ್‌ನಲ್ಲಿ ಯಾರೋ ಒಂದು ಸ್ಟಾರ್ ಹಾಕಿ "ಊಟ ತಣ್ಣಗಿತ್ತು" ಅಂತ ಬರೆದರೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನೆಲ್ಲ ಎಐಗೆ ಹೇಳಿಕೊಳ್ಳಿ, ಬೈದೇ ಹೇಳಿ. ಆಮೇಲೆ "ಇದರಲ್ಲಿ ನಿಜ ಎಷ್ಟಿದೆಯೋ ಅಷ್ಟು ಇಟ್ಟುಕೊಂಡು, ಜಗಳ ಇಲ್ಲದೆ ಮೂರು ಸಾಲು ಉತ್ತರ ಬರೆ" ಅನ್ನಿ. ಈ ಕೆಲಸಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಿಮ್ಮ ಗಂಡನಿಗೆ ಹೇಳಿದರೆ ಅವರೂ ಸೇರಿ ಬೈಯುತ್ತಾರೆ. ಆದರೆ ಒಳ್ಳೆಯ ರಿವ್ಯೂಗಳನ್ನು ಎಐ ಕೈಯಲ್ಲಿ ಬರೆಸಿ ನೀವೇ ಹಾಕಿಕೊಳ್ಳುವುದು ಮೋಸ. ಅದನ್ನು ನಾನು ಹೇಳಿಕೊಡುವುದಿಲ್ಲ.

ಲೇಬಲ್ ವಿಷಯದಲ್ಲಿ ಕೈ ಬಿಗಿ ಇರಲಿ

ತಿನ್ನುವ ವಸ್ತು ಮಾರುವವರು ಇದನ್ನು ಎರಡು ಸಲ ಓದಿ. ಲೇಬಲ್‌ನಲ್ಲಿ ಏನೇನು ಇರಬೇಕು ಅನ್ನುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮ ಹೇಳುತ್ತದೆ: ವಸ್ತುವಿನ ಹೆಸರು, ಹಾಕಿದ ಪದಾರ್ಥಗಳು ತೂಕ ಜಾಸ್ತಿ ಇರುವುದರಿಂದ ಕಡಿಮೆಯ ಕಡೆಗೆ, ನಿವ್ವಳ ತೂಕ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ನಂಬರ್, ತಯಾರಿಸಿದವರ ಹೆಸರು ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಸಾಸಿವೆಯಂಥ ಪದಾರ್ಥಕ್ಕೆ ಅಲರ್ಜಿ ಮಾಹಿತಿ ಬೇಕಾ ಅನ್ನುವುದನ್ನು ಲೈಸೆನ್ಸ್ ಮಾಡಿಸಿಕೊಟ್ಟವರ ಹತ್ತಿರ ಕೇಳಿ. ಎಐಗೆ ನಿಮ್ಮ ಮಾಹಿತಿ ಕೊಟ್ಟು ಸಾಲಾಗಿ ಜೋಡಿಸಿಕೊಡು ಅನ್ನಬಹುದು, ಏನಾದರೂ ಬಿಟ್ಟುಹೋಗಿದೆಯಾ ಅಂತ ಕೇಳಬಹುದು.

ಅದು ಸುಮ್ಮನಿರುವುದಿಲ್ಲ. "ರೋಗ ನಿರೋಧಕ ಶಕ್ತಿ ಹೆಚ್ಚಿಸುತ್ತದೆ", "ಸಕ್ಕರೆ ಕಾಯಿಲೆಗೆ ಒಳ್ಳೆಯದು", "ಶೇಕಡಾ ನೂರು ನೈಸರ್ಗಿಕ" ಅಂತ ಒಂದೆರಡು ಸಾಲು ತುರುಕುತ್ತದೆ. ಎಲ್ಲ ಅಳಿಸಿ. ಆಹಾರ ವಸ್ತು ಕಾಯಿಲೆ ವಾಸಿ ಮಾಡುತ್ತದೆ ಅಂತ ಬರೆಯಲು ಕಾನೂನು ಬಿಡುವುದಿಲ್ಲ. ಕೇಸ್ ಬಿದ್ದರೆ ಬರುವುದು ನಿಮ್ಮ ಹೆಸರಿಗೆ, ಎಐ ಹೆಸರಿಗಲ್ಲ.

ಅಪ್ಪೆಮಿಡಿಗೆ ಜಿಐ (ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಇದೆ, ನಿಜ. ಎಐಗೂ ಅದು ಗೊತ್ತಿದೆ, ಹಾಗಾಗಿ "ಜಿಐ ಮಾನ್ಯತೆ ಪಡೆದ ಉಪ್ಪಿನಕಾಯಿ" ಅಂತ ಬರೆದುಬಿಡುತ್ತದೆ. ಮಾನ್ಯತೆ ಇರುವುದು ಆ ಮಾವಿಗೆ. ಆ ಗುರುತನ್ನು ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು, ನಿಮ್ಮ ಬಾಟಲಿಗೆ ಅದು ತಾನಾಗಿ ಬರುವುದಿಲ್ಲ. ಎಷ್ಟು ತಿಂಗಳು ಕೆಡುವುದಿಲ್ಲ ಅನ್ನುವುದನ್ನೂ ಎಐ ಹತ್ತಿರ ಕೇಳಬೇಡಿ. ಅದಕ್ಕೆ ಲ್ಯಾಬ್ ಇದೆ.

ಲೆಕ್ಕ: ನಿಮ್ಮ ಕೂಲಿ ಎಲ್ಲಿ ಹೋಯಿತು?

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕ್ಲಾಸಿನಲ್ಲಿ ಹೆಂಗಸರು ಸುಮ್ಮನಾಗಿಬಿಡುವುದು ಇದೇ ಜಾಗದಲ್ಲಿ. ಅರ್ಧ ಕೆಜಿಯ ಇಪ್ಪತ್ತು ಬಾಟಲಿ ಉಪ್ಪಿನಕಾಯಿ ಅಂತ ಇಟ್ಟುಕೊಳ್ಳೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಮಿಡಿಗೆ 1,500 ರೂಪಾಯಿ. ಉಪ್ಪು, ಸಾಸಿವೆ, ಮೆಣಸು ಎಲ್ಲ ಸೇರಿ 700. ಬಾಟಲಿ, ಮುಚ್ಚಳ, ಲೇಬಲ್ ತಲಾ 22ರಂತೆ 440. ಗ್ಯಾಸು, ಕರೆಂಟು 100. ಒಟ್ಟು 2,740, ಬಾಟಲಿಗೆ 137. "160ಕ್ಕೆ ಮಾರಿದರೆ 23 ರೂಪಾಯಿ ಉಳಿಯುತ್ತೆ" ಅನ್ನುತ್ತಾರೆ. ಈಗ ಎರಡು ಆಳಿನ ಒಂದು ದಿನದ ಕೂಲಿ, ತಲಾ 450ರಂತೆ 900 ಸೇರಿಸಿ. ಒಟ್ಟು 3,640, ಬಾಟಲಿಗೆ 182. ಒಂದು ಬಾಟಲಿ ಒಡೆದರೆ ಉಳಿದವಕ್ಕೆ ತಲಾ 192 ಹತ್ತಿರ. 160ಕ್ಕೆ ಮಾರಿದಾಗಲೆಲ್ಲ ಪ್ರತಿ ಬಾಟಲಿಗೂ 22 ರೂಪಾಯಿ ಕೈಯಿಂದ ಹೋಗುತ್ತಿತ್ತು. ಆ ಎರಡು ಆಳು ಯಾರು ಅಂದರೆ ನೀವು ಮತ್ತೆ ನಿಮ್ಮ ಅತ್ತೆ.

ಇದನ್ನು ಎಐ ಕೈಯಲ್ಲಿ ಮಾಡಿಸಲು ಹೀಗೆ ಕೇಳಿ: "ನಾನು ಖರ್ಚು ಹೇಳುತ್ತೇನೆ. ಪಟ್ಟಿ ಮಾಡಿ ಬಾಟಲಿಗೆ ಎಷ್ಟು ಬಿತ್ತು ಅಂತ ಹೇಳು. ನಾನು ಮರೆತಿರಬಹುದಾದ ಖರ್ಚುಗಳನ್ನು ಕೇಳು. ಲೆಕ್ಕವನ್ನು ಹಂತ ಹಂತವಾಗಿ ತೋರಿಸು." ಮರೆತದ್ದನ್ನು ಕೇಳು ಅನ್ನುವ ಸಾಲಿನಲ್ಲೇ ಲಾಭ ಇರುವುದು. ಬಸ್ ಚಾರ್ಜು, ಸ್ಯಾಂಪಲ್ ಕೊಟ್ಟಿದ್ದು, ಪ್ಯಾಕಿಂಗ್ ಟೇಪು ಎಲ್ಲ ನೆನಪಿಸುತ್ತದೆ. ಕೂಡುವುದು ಕಳೆಯುವುದನ್ನು ಮಾತ್ರ ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಮ್ಮೆ ನೋಡಿ. ಲೆಕ್ಕದ ಪುಸ್ತಕದ ಫೋಟೋ ತೆಗೆದು ಹಾಕಿದರೆ ಅದನ್ನೂ ಪಟ್ಟಿ ಮಾಡಿಕೊಡುತ್ತದೆ, ಆದರೆ ಕೈಬರಹದ 1 ಮತ್ತು 7 ಅದಲುಬದಲಾಗುವುದು ಮಾಮೂಲಿ.

ಜಿಎಸ್‌ಟಿ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಲ್ಲರೂ ಹೆದರಿ ಎಐ ಮುಂದೆ ಕೂತರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳೇ ಬದಲಾದವು, 12 ಮತ್ತು 28ರ ಹಂತಗಳು ಬಹುತೇಕ ಹೋದವು. ಹಳೇ ದರವನ್ನೇ ಹೇಳುವ ಎಐ ಉತ್ತರ ಈಗಲೂ ಸಿಗಬಹುದು. ಹಾಗಾಗಿ ಎಷ್ಟು ತೆರಿಗೆ, ನೋಂದಣಿ ಬೇಕಾ ಬೇಡವಾ ಅನ್ನುವುದು ಆಡಿಟರ್ ಕೆಲಸ. ಎಐಯಿಂದ ಮಾಡಿಸಬೇಕಾದದ್ದು ಬೇರೆ: ಇಂಗ್ಲಿಷ್ ನೋಟಿಸ್‌ನಿಂದ ಹೆಸರು, ನಂಬರ್ ಮುಚ್ಚಿ ಉಳಿದದ್ದನ್ನು ಸರಳ ಕನ್ನಡಕ್ಕೆ ಮಾಡಿಸಿ, "ನಾನು ಆಡಿಟರ್ ಹತ್ತಿರ ಕೇಳಬೇಕಾದ ಪ್ರಶ್ನೆ ಏನು" ಅಂತ ಪಟ್ಟಿ ತೆಗೆದುಕೊಳ್ಳಿ. ಆಡಿಟರ್ ಮುಂದೆ ತಲೆ ಅಲ್ಲಾಡಿಸುತ್ತಾ ಕೂರುವುದು ತಪ್ಪುತ್ತದೆ.

ಅಡಿಕೆ ದರ ಕೇಳುವವರೂ ಇದ್ದಾರೆ. ರಾಶಿ ಎಷ್ಟು, ಬೆಟ್ಟೆ ಎಷ್ಟು ಅನ್ನುವುದಕ್ಕೆ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್ ಇದೆ, ಎಪಿಎಂಸಿ ಇದೆ. ಎಐ ಬೇಡ.

ಫೋಟೋ

ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕಿಟಕಿ ಪಕ್ಕ, ಬಾಳೆಎಲೆ ಮೇಲೆ, ಫ್ಲ್ಯಾಶ್ ಇಲ್ಲದೆ ನಿಮ್ಮದೇ ವಸ್ತುವಿನ ಫೋಟೋ ತೆಗೆಯಿರಿ. ಹಿಂದೆ ಕಾಣುವ ಗ್ಯಾಸ್ ಸಿಲಿಂಡರ್ ತೆಗೆದುಹಾಕಲು ಎಐ ಬಳಸಿ, ಇಲ್ಲದ ವಸ್ತು ಬರೆಸಲು ಬೇಡ. ಎಐ ಮಾಡಿದ ಹಪ್ಪಳ ದುಂಡಗೆ ಹೊಳೆಯುತ್ತದೆ, ನಿಮ್ಮದು ಮನೆ ಹಪ್ಪಳ, ಪೊಟ್ಟಣ ಬಿಚ್ಚಿದವರು ಇದು ಬೇರೆ ಅನ್ನುತ್ತಾರೆ. ಚಿತ್ರದೊಳಗೆ ಕನ್ನಡ ಅಕ್ಷರ ಬರೆಸಿದರೆ ಒತ್ತಕ್ಷರ ಕೆಡುವುದು ಜಾಸ್ತಿ, ಹಾಗಾಗಿ ಚಿತ್ರ ಬೇರೆ ಮಾಡಿಕೊಂಡು ಅಕ್ಷರವನ್ನು ಕ್ಯಾನ್ವಾದಂಥ ಆ್ಯಪ್‌ನಲ್ಲಿ ನೀವೇ ಟೈಪ್ ಮಾಡಿ.

ಏನು ಕೊಡಬಾರದು

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಯಾವುದನ್ನೂ ಎಐಗೆ ಹಾಕಬೇಡಿ. ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಗಿರಾಕಿಗಳ ವಿವರವೂ ಹಾಗೇ. ಹೋಂಸ್ಟೇಯವರು ಅತಿಥಿಗಳ ಗುರುತಿನ ಚೀಟಿಯ ಫೋಟೋ ಇಟ್ಟುಕೊಂಡಿರುತ್ತೀರಿ, ಅದನ್ನು ಅಪ್‌ಲೋಡ್ ಮಾಡಿ "ಪಟ್ಟಿ ಮಾಡು" ಅನ್ನುವುದು ತಪ್ಪು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನೇ ಬಂದಿದೆ. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮಾತನ್ನು ಎಐ ತರಬೇತಿಗೆ ಬಳಸಬಹುದು ಅನ್ನುವ ಆಯ್ಕೆ ಇದ್ದರೆ ಆಫ್ ಮಾಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಎಐಯೋ ಗೂಗಲ್ಲೋ ತೋರಿಸಿದ ಯಾವುದೋ ಸೈಟ್ ಅದಕ್ಕೆ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ.

ಸಂಘದಲ್ಲಿ ಕಲಿಯುವುದು

ಒಬ್ಬರೇ ಕೂತು ಕಲಿಯುವುದಕ್ಕಿಂತ ಸ್ವಸಹಾಯ ಸಂಘದ ವಾರದ ಸಭೆಯ ನಂತರ ಅರ್ಧ ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ವಾರ ಒಬ್ಬರ ಅಂಗಡಿ ಪುಟ. ಎಲ್ಲರೂ ಪ್ರಶ್ನೆ ಕೇಳಬೇಕು, ಎಐ ಕೇಳದ ಪ್ರಶ್ನೆ ಪಕ್ಕದ ಮನೆಯವರು ಕೇಳುತ್ತಾರೆ. ನನ್ನ ಕ್ಲಾಸಿನಲ್ಲಿ ಪ್ರೊಜೆಕ್ಟರ್ ಇಲ್ಲ. ಅವರವರ ಫೋನು, ಅವರವರ ವ್ಯಾಪಾರ, ಅಷ್ಟೆ. ಒಂದು ನಿಯಮ ಮಾತ್ರ ಬಿಗಿ: ಫೋನ್ ಯಾರ ವ್ಯಾಪಾರದ್ದೋ ಅವರ ಕೈಯಲ್ಲೇ ಇರಬೇಕು. ಮಗನೋ ಸೊಸೆಯೋ ಪಕ್ಕ ಕೂತು ಹೇಳಬಹುದು, ಕೈ ಹಾಕುವ ಹಾಗಿಲ್ಲ. ಮಕ್ಕಳು ಐದು ನಿಮಿಷಕ್ಕೆ ಎಲ್ಲ ಮಾಡಿಟ್ಟು ಹೋಗುತ್ತಾರೆ, ರೇಟ್ ಬದಲಾದ ದಿನ ಅಮ್ಮ ಮತ್ತೆ ಅವರ ಫೋನಿಗೇ ಕಾಯಬೇಕು.

ರೇಟ್ ಅಂದರೆ, ಅಂಗಡಿ ಪುಟವನ್ನು ಮಿಡಿ ಸೀಸನ್ ಮುಗಿದ ಮೇಲೆ ಒಮ್ಮೆ, ಮಳೆ ಹಿಡಿಯುವ ಮೊದಲು ಒಮ್ಮೆ, ಅಡಿಕೆ ಕೊಯ್ಲಿನ ಗಡಿಬಿಡಿಗೆ ಮುಂಚೆ ಒಮ್ಮೆ ತಿದ್ದಿ. ಹಳೇ ರೇಟಿನ ಕ್ವಿಕ್ ರಿಪ್ಲೈ ಹೋದರೆ ಆ ರೇಟಿಗೇ ಕೊಡಬೇಕಾಗುತ್ತದೆ.

ದುಡ್ಡು ಕೊಡುವ ಆವೃತ್ತಿ ಬೇಕಾ?

ಮೊದಲ ಪ್ರಶ್ನೆಯ ಪೂರ್ತಿ ಉತ್ತರ ಇಲ್ಲಿದೆ. ಉಚಿತ ಆವೃತ್ತಿಗೆ ಮಿತಿ ಇರುತ್ತದೆ, ಜಾಸ್ತಿ ಬಳಸಿದರೆ "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅನ್ನುತ್ತದೆ. ಮೇಲೆ ಹೇಳಿದ ಕೆಲಸಗಳಿಗೆ ಆ ಮಿತಿ ಸಾಕು, ಯಾಕೆಂದರೆ ಅಂಗಡಿ ಪುಟ, ವಾಟ್ಸಾಪ್ ಉತ್ತರಗಳನ್ನು ಒಮ್ಮೆ ಮಾಡಿಟ್ಟರೆ ದಿನಾ ಮಾಡಬೇಕಾಗಿಲ್ಲ. ದುಡ್ಡು ಬರುವ ಕೆಲಸದ ನಡುವೆ, ವಾರದಲ್ಲಿ ಎರಡು ಮೂರು ಸಲ ಆ ಮಿತಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದೀರಿ ಅಂದರೆ ಯೋಚಿಸಿ. ಹತ್ತಿಪ್ಪತ್ತು ಸಾವಿರಕ್ಕೆ "ಎಐ ಮಾಸ್ಟರ್" ಸರ್ಟಿಫಿಕೇಟ್ ಮಾರುವವರಿಗೆ ಕೊಡುವುದಕ್ಕಿಂತ ಆ ದುಡ್ಡಲ್ಲಿ ಒಂದು ಒಳ್ಳೆಯ ತೂಕದ ಯಂತ್ರವೋ ಸೀಲಿಂಗ್ ಮೆಷಿನ್ನೋ ಬರುತ್ತದೆ. ದುಡ್ಡು ಕೊಟ್ಟು ಆ್ಯಪ್ ತಗೊಂಡರೂ ವರ್ಷಕ್ಕೆ ಬೇಡ, ಒಂದು ತಿಂಗಳಿಗೆ ತಗೊಳ್ಳಿ, ಆಟೋ ಪೇ ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಂಡು.